ಗೃಹಸ್ಥರಿಗೆ ಭಾರಸಾಧನೆ

ಭಾರವನ್ನೆತ್ತುವ ಸಾಧನೆ ಎಂದೊಡನೆ ನಮ್ಮವರ ಮನಸ್ಸಿಗೆ ತೋರುವುದು ಗರಡಿಯ ಜಟ್ಟಿಗಳ ಚಿತ್ರ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಜಾತ್ರೆಯ ಕಾಲಕ್ಕೆ ಸಂಗ್ರಾಣಿ ಕಲ್ಲನ್ನೆತ್ತುವ ಪಂದ್ಯ ನಡೆಯುವುದನ್ನು ವಾಚಕರಲ್ಲಿ ಹಲವರು ನೋಡಿರಬಹುದು. ಆ ಕಲ್ಲಿನ ತೂಕ ಎಂದಿಗೂ ಒಂದೇ. ಎತ್ತಬಲ್ಲವನು ಎತ್ತುತ್ತಾನೆ, ಎತ್ತಲಾರದವನು ನೋಡುತ್ತ ನಿಲ್ಲುತ್ತಾನೆ. ಇದರಿಂದಲೇ ಭಾರವೆಂಬುದು ಬಲಿಷ್ಠರ ಸೊತ್ತು, ಕಚೇರಿಯಲ್ಲಿ ಕುಳಿತು ಬರೆಯುವವನಿಗೂ ಅಡಿಗೆಮನೆಯ ಗೃಹಿಣಿಗೂ ಅದರ ಗೊಡವೆಯಿಲ್ಲ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಬಾರ್ಬೆಲ್ ಎಂಬ ಉಪಕರಣದ ಗುಣವಾದರೋ ಇದಕ್ಕೆ ನೇರ ವಿರುದ್ಧವಾದುದು. ಅದು ಒಂದು ಉಕ್ಕಿನ ಸರಳು. ಎರಡು ತುದಿಗಳಿಗೂ ಬೇಕಾದಷ್ಟು ತೂಕದ ಬಿಲ್ಲೆಗಳನ್ನು ಏರಿಸಬಹುದು. ಒಂದೊಂದು ತುದಿಗೆ 1.25 ಕಿಲೋ ಬಿಲ್ಲೆ ಹಾಕಿದರೆ ಭಾರ ಹೆಚ್ಚುವುದು 2.5 ಕಿಲೋ ಮಾತ್ರ. ವೈದ್ಯನು ಔಷಧವನ್ನು ಅಳೆದು ಕೊಡುವಂತೆ ದುರ್ಬಲನಿಗೂ ಅವನ ಶಕ್ತಿಗೆ ತಕ್ಕ ಭಾರವನ್ನು ಅಳೆದು ಕೊಡಬಹುದು.

ಈ ತತ್ತ್ವ ಹೊಸದೇನೂ ಅಲ್ಲ. ಪ್ರಾಚೀನ ಗ್ರೀಕರ ಮಲ್ಲನಾದ ಮೈಲೋ ಒಂದು ಎಳೆಗರುವನ್ನು ದಿನವೂ ಹೊತ್ತು ನಡೆದು, ಅದು ಹೋರಿಯಾಗುವ ವೇಳೆಗೆ ಹೋರಿಯನ್ನೇ ಹೊರಬಲ್ಲವನಾದನೆಂಬ ಕಥೆಯುಂಟು. ಕಥೆಯನ್ನು ಬಿಟ್ಟರೂ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದ ವೈದ್ಯರಾಗಿದ್ದ ಥಾಮಸ್ ಡಿಲಾರ್ಮ್ ಎಂಬವರು ಕಾಲಿಗೆ ಪೆಟ್ಟು ಬಿದ್ದ ಸೈನಿಕರಿಗೆ ಇದೇ ಕ್ರಮದ ಚಿಕಿತ್ಸೆ ಮಾಡಿದರು. ಅದುವರೆಗೆ ಅಂಥವರಿಗೆ ಹಗುರವಾದ ವ್ಯಾಯಾಮವನ್ನು ಬಹಳ ಸಾರಿ ಮಾಡಿಸುವುದು ವಾಡಿಕೆಯಾಗಿತ್ತು. ಡಿಲಾರ್ಮರು ಪಾದಕ್ಕೆ ಕಬ್ಬಿಣದ ಪಾದರಕ್ಷೆಯನ್ನು ಕಟ್ಟಿಸಿ, ಭಾರವನ್ನು ಕ್ರಮಕ್ರಮವಾಗಿ ಏರಿಸುತ್ತ ಹೋದರು. ಫಲಿತಾಂಶವನ್ನು 1945ರಲ್ಲಿ ಪ್ರಕಟಿಸಿದರು. ನಮ್ಮ ಬೆಂಗಳೂರಿನಲ್ಲಿ ಅದಕ್ಕಿಂತ ಮುಂಚೆಯೇ ಕೆ. ವಿ. ಅಯ್ಯರವರು ವ್ಯಾಯಾಮಶಾಲೆಯನ್ನು ನಡೆಸಿ, ಬಾರ್ಬೆಲ್ಲನ್ನೂ ನಮ್ಮ ಸೂರ್ಯನಮಸ್ಕಾರವನ್ನೂ ಜೊತೆಗೂಡಿಸಿ ಕಲಿಸುತ್ತಿದ್ದರು. ‘ಶಾಂತಲಾ’ ಕಾದಂಬರಿಯನ್ನು ಬರೆದವರೂ ಇವರೇ.

ಇದೆಲ್ಲ ಸರಿ, ಸಂಸಾರಿಗಳಿಗೆ ಇದರಿಂದ ಏನು ಪ್ರಯೋಜನವೆಂದು ಕೇಳಬಹುದು. ಮೂವತ್ತು ನಲವತ್ತು ವಯಸ್ಸು ದಾಟಿದ ಮೇಲೆ ಸುಮ್ಮನೆ ಕುಳಿತವನ ಮಾಂಸಖಂಡಗಳು ಸ್ವಲ್ಪಸ್ವಲ್ಪವಾಗಿ ಕ್ಷೀಣಿಸುತ್ತವೆ. ಅರವತ್ತರ ಮೇಲೆ ಈ ಕ್ಷಯ ವೇಗಗೊಳ್ಳುತ್ತದೆ. ನಮ್ಮ ಹಿರಿಯರು ಮಣೆಯ ಮೇಲೆ ಕುಳಿತು ಉಂಡು, ಕೈಯೂರದೆ ಏಳುತ್ತಿದ್ದರು. ಇಂದು ಅನೇಕ ಮನೆಗಳಲ್ಲಿ ಐವತ್ತೈದು ವಯಸ್ಸಿನ ಯಜಮಾನನಿಗೆ ನೆಲದಿಂದ ಏಳಬೇಕಾದರೆ ಗೋಡೆಯ ಆಸರೆ ಬೇಕು. ಬಲ ಹೋದದ್ದು ಯಾರಿಗೂ ಕಾಣುವುದಿಲ್ಲ. ಬಚ್ಚಲಿನಲ್ಲಿ ಜಾರಿ ಬಿದ್ದ ದಿನ ಮಾತ್ರ ಕಾಣುತ್ತದೆ. 1990ರಲ್ಲಿ ಅಮೆರಿಕದ ಬಾಸ್ಟನ್ನಿನ ವೃದ್ಧಾಶ್ರಮವೊಂದರಲ್ಲಿ ತೊಂಬತ್ತರ ಸುಮಾರಿನ 10 ಮಂದಿ ಕೃಶರಾದ ಮುದುಕರಿಗೂ ಮುದುಕಿಯರಿಗೂ 8 ವಾರ ಕಾಲಿನ ಭಾರಸಾಧನೆ ಮಾಡಿಸಿದರು. ಪೂರೈಸಿದವರ ಕಾಲ್ಬಲ ಸರಾಸರಿಯಲ್ಲಿ ಮೊದಲಿನ ಎರಡೂವರೆ ಪಾಲನ್ನು ಮೀರಿತು. ತೊಂಬತ್ತರಲ್ಲಿ ಸಾಧ್ಯವಾದುದು ನಲವತ್ತೈದರಲ್ಲಿ ಅಸಾಧ್ಯವೇ?

ಇನ್ನು ಕ್ರಮದ ಮಾತು. ಹೊಸಬನಿಗೆ ವಾರಕ್ಕೆ 3 ದಿನ ಸಾಕು. ನಡುವೆ ಒಂದೊಂದು ದಿನ ಬಿಡತಕ್ಕದ್ದು. ಬಲ ಬೆಳೆಯುವುದು ವಿಶ್ರಾಂತಿಯಲ್ಲಿಯೇ ಹೊರತು ಆಯಾಸದಲ್ಲಿ ಅಲ್ಲ. ಕಲಿಯಬೇಕಾದ ಎತ್ತುಗೆಗಳು ಮುಖ್ಯವಾಗಿ ನಾಲ್ಕು. ಅವುಗಳಲ್ಲಿ ಮೊದಲನೆಯದು ಸ್ಕ್ವಾಟ್, ಅಂದರೆ ಸರಳನ್ನು ಹೆಗಲಮೇಲೆ ಹೊತ್ತು ಹೊಡೆಯುವ ಬಸ್ಕಿ. ಇದನ್ನು ಚೆನ್ನಾಗಿ ಕಲಿತರೆ ಅರ್ಧ ವಿದ್ಯೆ ಬಂದಂತೆ. ಪಾದಗಳು ಭುಜದಷ್ಟು ಅಗಲಕ್ಕಿರಲಿ, ಬೆರಳುಗಳು ತುಸು ಹೊರಗೆ ತಿರುಗಿರಲಿ. ಉಸಿರನ್ನು ತುಂಬ ಎಳೆದು, ಹೊಟ್ಟೆಯನ್ನು ಬಿಗಿಹಿಡಿದು, ಹಿಂದಿರುವ ಗಿಡ್ಡ ಮಣೆಯ ಮೇಲೆ ಕೂಡುವವನಂತೆ ಸೊಂಟವನ್ನು ಹಿಂದಕ್ಕೂ ಕೆಳಕ್ಕೂ ಇಳಿಸತಕ್ಕದ್ದು. ಮೊಣಕಾಲುಗಳು ಬೆರಳುಗಳ ದಿಕ್ಕಿಗೇ ಹೋಗಬೇಕು, ಒಳಗೆ ಕುಸಿಯಕೂಡದು. ಹಿಮ್ಮಡಿ ನೆಲವನ್ನು ಬಿಡಕೂಡದು. ತೊಡೆಯು ಮೊಣಕಾಲಿನ ಮಟ್ಟಕ್ಕಿಂತ ತುಸು ಕೆಳಗಿಳಿದ ಮೇಲೆ ಎದ್ದು ನಿಲ್ಲಬೇಕು. ಅರ್ಧಕ್ಕೆ ಇಳಿದು ಹೆಚ್ಚು ಭಾರ ಎತ್ತಿದೆನೆಂದು ಹಿಗ್ಗುವವರನ್ನು ವ್ಯಾಯಾಮಶಾಲೆಗಳಲ್ಲಿ ದಿನವೂ ಕಾಣಬಹುದು, ಅವರನ್ನು ಅನುಸರಿಸಬೇಡಿರಿ.

ಎರಡನೆಯದು ಡೆಡ್‌ಲಿಫ್ಟ್: ನೆಲದ ಮೇಲಿನ ಸರಳನ್ನು ಹಿಡಿದು ನೆಟ್ಟಗೆ ನಿಲ್ಲುವುದು. ತುಂಬಿದ ಕೊಡವನ್ನು ಎತ್ತುವಾಗ ಬೆನ್ನು ಬಾಗಿಸುವವರಿಗೆ ಸೊಂಟ ಹಿಡಿದುಕೊಳ್ಳುತ್ತದೆಯಷ್ಟೆ. ಬೆನ್ನನ್ನು ನೇರವಾಗಿರಿಸಿ ಕಾಲಿನಿಂದ ಎತ್ತುವ ಅಭ್ಯಾಸವನ್ನು ಇದು ಕಲಿಸುತ್ತದೆ. ಸರಳು ಕಣಕಾಲಿಗೆ ತಾಗುವಷ್ಟು ಹತ್ತಿರವಿರಬೇಕು. ದೊಡ್ಡ ಬಿಲ್ಲೆಗಳ ಅಡ್ಡಳತೆ 45 ಸೆಂಟಿಮೀಟರು. ಚಿಕ್ಕವನ್ನು ಹಾಕಿದರೆ ಸರಳು ತೀರ ತಗ್ಗಿನಲ್ಲಿ ಉಳಿಯುವುದರಿಂದ ಎರಡು ಮರದ ದಿಮ್ಮಿಗಳ ಮೇಲೆ ಏರಿಸಿಡುವುದು ಲೇಸು. ಉಳಿದವು ನಿಂತು ತಲೆಯ ಮೇಲಕ್ಕೆ ಎತ್ತುವುದು, ಮತ್ತು ಬೆಂಚಿನ ಮೇಲೆ ಮಲಗಿ ಎದೆಯಿಂದ ಮೇಲಕ್ಕೆ ತಳ್ಳುವುದು. ಇವೆರಡನ್ನು ಒಂದು ದಿನ ಒಂದು, ಮರುಸರದಿಗೆ ಇನ್ನೊಂದು ಎಂದು ಬದಲಾಯಿಸಬಹುದು. ಬೆಂಚಿನ ಸಾಧನೆಯನ್ನು ತಲೆಯ ಬಳಿ ಒಬ್ಬರು ನಿಲ್ಲದ ಹೊರತು ಒಂಟಿಯಾಗಿ ಮಾಡಲೇಕೂಡದು; ಸರಳು ಕುತ್ತಿಗೆಯ ಮೇಲೆ ಬಿದ್ದರೆ ಪ್ರಾಣಾಪಾಯ.

ಪ್ರತಿ ಎತ್ತುಗೆಯನ್ನೂ 5 ಸಲ ಮಾಡಿ, ಎರಡು ಮೂರು ನಿಮಿಷ ದಣಿವಾರಿಸಿಕೊಂಡು, ಹೀಗೆ 3 ಸರದಿ ಮಾಡತಕ್ಕದ್ದು. ಡೆಡ್‌ಲಿಫ್ಟ್ ಮಾತ್ರ ಒಂದೇ ಸರದಿ ಸಾಕು. ಮೊದಲ ದಿನ ಬರಿಯ ಸರಳೇ ಇರಲಿ. ಪುರುಷರ ಪಂದ್ಯದ ಸರಳು 20 ಕಿಲೋ, ಸ್ತ್ರೀಯರದು 15 ಕಿಲೋ. ಅದೂ ಹೆಚ್ಚೆನಿಸಿದವರು ಬಿದಿರು ಕೋಲಿನಿಂದ ಆರಂಭಿಸುವುದರಲ್ಲಿ ನಾಚಿಕೆಯೇನೂ ಇಲ್ಲ. ಮುಂದಿನ ಸಲ 2.5 ಕಿಲೋ, ಅದರ ಮುಂದಿನ ಸಲ ಇನ್ನು 2.5. ಲೆಕ್ಕ ಹಾಕಿರಿ: ವಾರಕ್ಕೆ 7.5 ಕಿಲೋ, 8 ವಾರಕ್ಕೆ 60 ಕಿಲೋ. ಹನಿ ಹನಿ ಕೂಡಿದರೆ ಹಳ್ಳವೆಂಬುದು ಇಲ್ಲಿ ಅಕ್ಷರಶಃ ನಿಜ. ಎಲ್ಲರಿಗೂ ಇಷ್ಟು ಸಾಧ್ಯವಾಗದು. ತಲೆಯ ಮೇಲಕ್ಕೆ ಎತ್ತುವ ಭಾರವಂತೂ ಬೇಗ ನಿಲ್ಲುತ್ತದೆ. ಆಗ 1 ಕಿಲೋ, ಅರ್ಧ ಕಿಲೋ ಏರಿಸುತ್ತ ಹೋಗಬೇಕು. ತರುಣರು ಕೆಡುವುದು ಇಲ್ಲಿಯೇ. ನೆರೆಯವನು 60 ಎತ್ತಿದನೆಂದು ತಾನೂ ಮೂರನೆಯ ದಿನಕ್ಕೇ 60ಕ್ಕೆ ಕೈಹಾಕಿ, ಬೆನ್ನು ನೋಯಿಸಿಕೊಂಡು, ಭಾರಸಾಧನೆ ಕೆಟ್ಟದ್ದೆಂದು ಊರೆಲ್ಲ ಸಾರುತ್ತಾರೆ. ಆತುರಗಾರನಿಗೆ ಬುದ್ಧಿ ಮಟ್ಟ.

ಭಾರ ಎತ್ತಿದರೆ ಹೆಂಗಸರ ಮೈ ಗಂಡಸರಂತಾಗುವುದೆಂಬ ಭಯ ನಿರಾಧಾರವಾದುದು. ಮಾಂಸಖಂಡಗಳನ್ನು ದಪ್ಪವಾಗಿ ಬೆಳೆಯಿಸುವ ಟೆಸ್ಟೊಸ್ಟೆರೋನ್ ಎಂಬ ರಸವು ಸ್ತ್ರೀಯರಲ್ಲಿ ಅತ್ಯಲ್ಪ. ಅವರಿಗೆ ದೊರೆಯುವುದು ಬಲ. ಮುಟ್ಟು ನಿಂತ ಬಳಿಕ ಸವೆಯತೊಡಗುವ ಎಲುಬಿಗೂ ಭಾರಸಾಧನೆಯಿಂದ ಹಿತವುಂಟು. 2000ದಲ್ಲಿ ಸಿಡ್ನಿಯ ಒಲಿಂಪಿಕ್ಸಿನಲ್ಲಿ ಕರ್ಣಂ ಮಲ್ಲೇಶ್ವರಿಯವರು ಎರಡು ಎತ್ತುಗೆಗಳಲ್ಲಿ ಒಟ್ಟು 240 ಕಿಲೋ ಎತ್ತಿ ಕಂಚಿನ ಪದಕವನ್ನು ಪಡೆದರು. ಒಲಿಂಪಿಕ್ ಪದಕ ಗೆದ್ದ ಭಾರತದ ಮೊದಲ ಮಹಿಳೆ ಅವರೇ.

ರಕ್ತದ ಒತ್ತಡ, ಹೃದಯರೋಗ, ಅಂಡವಾಯು ಇದ್ದವರೂ ಗರ್ಭಿಣಿಯರೂ ವೈದ್ಯರನ್ನು ಕೇಳದೆ ತೊಡಗಬಾರದು. ಆಹಾರದಲ್ಲಿ ಬೇಳೆ ಕಾಳು, ಹಾಲು ಮೊಸರು, ತಿನ್ನುವವರಿಗೆ ಮೊಟ್ಟೆ ಮಾಂಸ, ಇವು ಅನ್ನಕ್ಕಿಂತ ತುಸು ಮುಂದಾಗಲಿ. ಡಬ್ಬಿಯ ಪುಡಿಗಳಿಗೆ ಹಣ ಸುರಿಯುವ ಮುನ್ನ ಮನೆಯ ಹುರುಳಿ ಕಡಲೆಗಳನ್ನು ನೆನೆಯುವುದೊಳ್ಳೆಯದು.

ಒಂದು ಚಿಕ್ಕ ಪುಸ್ತಕವನ್ನಿಟ್ಟು ದಿನಾಂಕ, ಭಾರ, ಎಷ್ಟು ಸಲ ಎಂಬುದನ್ನು ಆಗಿಂದಾಗಲೇ ಬರೆದಿಡಿರಿ. ಮನಸ್ಸು ಮರೆಯುತ್ತದೆ, ಅಥವಾ ಹೆಚ್ಚಿಸಿ ಹೇಳುತ್ತದೆ. ಮದುವೆಯೋ ಜ್ವರವೋ ಬಂದು ಎರಡು ವಾರ ತಪ್ಪಿದರೆ, ಬಿಟ್ಟ ಭಾರದಿಂದ ಆರಂಭಿಸಬೇಡಿರಿ. ಪುಸ್ತಕದಲ್ಲಿ ನಾಲ್ಕೈದು ಸಾಲು ಹಿಂದಕ್ಕೆ ಹೋಗಿ, ಅಲ್ಲಿ ಬರೆದಿರುವ ಭಾರದಿಂದ ತೊಡಗಿರಿ.