ಕರೆಯದೇ ಬಂದ ಕಡಲ ನಕ್ಷತ್ರಗಳು

ಹವಳದ ಅಕ್ವೇರಿಯಂಗೆಂದು ತಂದ, ಜೀವಿಗಳು ನೆಲೆಸಿದ ಕಲ್ಲಾದ ಲೈವ್ ರಾಕ್‌ನ ಸಂದಿಯಲ್ಲೋ ಹವಳದ ತುಂಡಿನ ಬುಡದಲ್ಲೋ ಅಡಗಿ ಪುಟ್ಟ ಕಡಲ ನಕ್ಷತ್ರಗಳು ತೊಟ್ಟಿ ಸೇರುತ್ತವೆ. ತಿಂಗಳುಗಳ ನಂತರ ಒಂದು ರಾತ್ರಿ ಗಾಜಿನ ಮೇಲೆ ಉಗುರಗಲದ ಬೂದು ಚುಕ್ಕೆ ಕಂಡಾಗ, ಇದು ಅಂಗಡಿಯಲ್ಲಿ ನೋಡಿದ ದೊಡ್ಡ ನಕ್ಷತ್ರದ ಮರಿ, ಮುಂದೆ ಅಂಗೈಯಗಲ ಬೆಳೆಯುತ್ತದೆ ಎಂದು ಹಲವರು ಭಾವಿಸುತ್ತಾರೆ. ಸಾಮಾನ್ಯವಾಗಿ ಅದು ಬೆಳೆದು ಮುಗಿದ ಜೀವಿಯೇ. ಇಂಥವು ಬಹುಪಾಲು ‘ಆಸ್ಟರಿನಾ’ ಗುಂಪಿನವು, ಒಂದೆರಡು ಸೆಂಟಿಮೀಟರ್ ದಾಟುವುದು ಅಪರೂಪ. 2004ರ ಪರಿಷ್ಕರಣೆಯಲ್ಲಿ ಇವುಗಳಲ್ಲಿ ಹಲವು ಅಕ್ವಿಲೊನಾಸ್ಟ್ರ ಎಂಬ ಬೇರೆ ಕುಲಕ್ಕೆ ಹೋದರೂ ಹವ್ಯಾಸಿಗಳ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ.

ಒಂದು ಪಕ್ಕ ಮೂರು ದಪ್ಪ ತೋಳು, ಎದುರು ಪಕ್ಕ ಅಕ್ಕಿ ನುಚ್ಚಿನಷ್ಟೇ ಮೊಳಕೆಗಳು. ಇದನ್ನು ಕಂಡವರು ಮೀನು ಕಚ್ಚಿದೆ ಎಂದು ಮರುಗುತ್ತಾರೆ. ಯಾವುದೂ ಕಚ್ಚಿರುವುದಿಲ್ಲ. ಈ ನಕ್ಷತ್ರ ನಡುವೆಯೇ ಸೀಳಿ ಎರಡಾಗುತ್ತದೆ, ಪ್ರತಿ ಅರ್ಧವೂ ಕಳೆದ ತೋಳುಗಳನ್ನು ಮತ್ತೆ ಬೆಳೆಸಿಕೊಳ್ಳುತ್ತದೆ. ತೋಳು ಐದೇ ಇರಬೇಕೆಂಬ ನಿಯಮವೂ ಇಲ್ಲ, ಆರು ಏಳು ಇರುವುದು ಮಾಮೂಲು. ಈ ವಕ್ರತೆಯೇ ಇದನ್ನು ಗುರುತಿಸಲು ಅತ್ಯಂತ ನಂಬಿಕೆಯ ಚಿಹ್ನೆ.

ಎಲ್ಲ ಆಸ್ಟರಿನಾಗಳೂ ಹವಳ ತಿನ್ನುತ್ತವೆ ಎಂಬ ಆರೋಪ ಅರ್ಧ ಸತ್ಯ, ಹಾಗಾಗಿಯೇ ಅಪಾಯಕಾರಿ. ಗಾಜಿನ ಹೊರಗಿನಿಂದ ಇದರ ತಳವನ್ನು ನೋಡಿದರೆ ಸಾಲುಸಾಲು ಕೊಳವೆ ಪಾದಗಳೂ, ಕೆಲವೊಮ್ಮೆ ಬಾಯಿಯಿಂದ ಹೊರಚಾಚಿದ ತೆಳ್ಳನೆಯ ಪೊರೆಯೂ ಕಾಣುತ್ತವೆ. ಅದು ಇದರ ಜಠರ. ಆಹಾರದ ಮೇಲೆ ಅದನ್ನು ಹರಡಿ ಅಲ್ಲಿಯೇ ಜೀರ್ಣಿಸಿಕೊಳ್ಳುತ್ತದೆ. ಹೆಚ್ಚಿನವು ಹೀಗೆ ತಿನ್ನುವುದು ಗಾಜು, ಕಲ್ಲುಗಳ ಮೇಲಿನ ತೆಳು ಪಾಚಿಯನ್ನು. ಕೆಲವು ಗುಲಾಬಿ ಬಣ್ಣದ ಕೊರಲೈನ್ ಪಾಚಿಯನ್ನು ಮೇದು ಬಿಳಿ ಕಲೆ ಬಿಡುತ್ತವೆ. ಕೆಲವು ಹವಳದ ಬಂಧುಗಳಾದ ಜೊವಾಂತಿಡ್‌ಗಳನ್ನು ನಿಜಕ್ಕೂ ತಿನ್ನುತ್ತವೆ. ಬಣ್ಣ ನೋಡಿ ಇವನ್ನು ಬೇರ್ಪಡಿಸುವುದು ಕಷ್ಟ, ನಡತೆ ನೋಡಬೇಕು. ಸೊರಗಿದ ಹವಳದ ಮೇಲೆ ಒಮ್ಮೆ ಕುಳಿತಿದ್ದರೆ ಸತ್ತ ಅಂಗಾಂಶವನ್ನು ತಿನ್ನಲು ಬಂದಿರಬಹುದು. ಅರಳಿರುತ್ತಿದ್ದ ಆರೋಗ್ಯವಂತ ಹವಳಕ್ಕೇ ರಾತ್ರಿ ರಾತ್ರಿ ಮರಳಿ ಬರುತ್ತಿದ್ದು, ಎದ್ದುಹೋದ ಜಾಗ ಪ್ರತಿಸಲ ಸವೆದಿದ್ದರೆ ಸಂಶಯಕ್ಕೆ ಆಧಾರವಿದೆ.

ಕಲ್ಲಿನ ಸಂದಿಯಿಂದ ಹಾವಿನಂತೆ ತೊನೆಯುವ ನೂಲೆಳೆಯ ತೋಳುಗಳು ಬೇರೆಯದೇ ಪ್ರಾಣಿಯವು. ಇವು ಬ್ರಿಟಲ್ ಸ್ಟಾರ್‌ಗಳು. ನಡುವಿನ ಗುಂಡುಬಿಲ್ಲೆ ತೋಳುಗಳಿಂದ ಸ್ಪಷ್ಟವಾಗಿ ಬೇರೆಯಾಗಿ ಕಾಣುತ್ತದೆ. ಮೀನು ಹಿಡಿಯುವ ಕುಖ್ಯಾತಿ ದೊಡ್ಡ ಹಸಿರು ಬ್ರಿಟಲ್ ಸ್ಟಾರ್‌ನದು. ಬಿಲ್ಲೆ ಕೆಲವೇ ಮಿಲಿಮೀಟರ್ ಇರುವ ಈ ಪುಟಾಣಿಗಳು ಉಳಿದ ಆಹಾರದ ಚೂರುಗಳನ್ನು ಹೆಕ್ಕುತ್ತವೆ, ಇವನ್ನು ಓಡಿಸಲು ಕಾರಣವೇ ಇಲ್ಲ. ಇವುಗಳಲ್ಲಿ ಆಂಫಿಫೋಲಿಸ್ ಸ್ಕ್ವಾಮಾಟಾ ಮರಿಗಳನ್ನು ಮೈಯೊಳಗೇ ಪೋಷಿಸುವುದರಿಂದ ತೊಟ್ಟಿಯಲ್ಲಿಯೇ ಸಂಸಾರ ಬೆಳೆಸುತ್ತದೆ.

ಬೇಡವಾದ ಆಸ್ಟರಿನಾವನ್ನು ತೊಟ್ಟಿಯೊಳಗೇ ಕತ್ತರಿಸುವುದು ತಿರುಗುಬಾಣ: ನಡುಭಾಗದ ಚೂರು ಉಳಿದ ತುಂಡು ಮತ್ತೆ ನಕ್ಷತ್ರವಾಗಬಲ್ಲದು. ಚಿಮುಟದಿಂದ ಇಡಿಯಾಗಿ ಎತ್ತಿ ತೆಗೆಯಬೇಕು. ಇವನ್ನು ತಿನ್ನಲೆಂದು ತರುವ ಹಾರ್ಲೆಕ್ವಿನ್ ಸೀಗಡಿ ಕೆಲಸವನ್ನಂತೂ ಮಾಡುತ್ತದೆ. ಆದರೆ ಅದರ ಊಟ ಬಹುತೇಕ ನಕ್ಷತ್ರಗಳೇ. ಕೊಂಡು ತಂದ ಲಿಂಕಿಯಾ ನಕ್ಷತ್ರ ಇದ್ದರೆ ಅದೂ ಬಲಿ, ಎಲ್ಲ ಮುಗಿದ ಮೇಲೆ ನಕ್ಷತ್ರ ಒದಗಿಸದಿದ್ದರೆ ಸೀಗಡಿಯೂ ಉಪವಾಸ ಬಿದ್ದು ಸಾಯುತ್ತದೆ.