ಬಿಸಿಲಿಗೂ ಒಂದು ಲೆಕ್ಕವಿದೆ

ಕಳೆದ ವರ್ಷ ನಮ್ಮ ತಂದೆಯವರ ಎರಡೂ ಕಣ್ಣಿಗೆ ಪೊರೆ ಬಂತು. ವಯಸ್ಸು ಐವತ್ತೆರಡು. ಇಷ್ಟು ಬೇಗ ಯಾಕೆ ಅಂತ ಕೇಳಿದರೆ ಡಾಕ್ಟರು, “ಕೆಲಸ ಏನು?” ಅಂದರು. ಮುಂಬಯಿಯಲ್ಲಿ ಇಪ್ಪತ್ತೆಂಟು ವರ್ಷ ಕಟ್ಟಡದ ಮೇಸ್ತ್ರಿ. ತಲೆಗೆ ಒಂದು ಟವಲು ಬಿಟ್ಟರೆ ಬೇರೇನೂ ಇಲ್ಲ. “ಪೊರೆಗೆ ಕಾರಣ ಹಲವು. ಬಿಸಿಲೂ ಅದರಲ್ಲಿ ಒಂದು” ಎಂದರು. ಆ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು. ನಾನು ಕಾಮರ್ಸಿನವನು, ವಿಜ್ಞಾನಿಯಲ್ಲ. ಆದರೂ ಓದಿ, ಕೇಳಿ ತಿಳಿದುಕೊಂಡದ್ದನ್ನು ಮಿತ್ರರ ಮುಂದಿಡುತ್ತೇನೆ.

ಬಿಸಿಲಿನಲ್ಲಿ ಮೂರು ಪಾಲು: ಕಣ್ಣಿಗೆ ಕಾಣುವ ಬೆಳಕು, ಮೈಗೆ ತಾಗುವ ಶಾಖ, ಮತ್ತು ಕಾಣದ, ತಾಗದ ನೇರಳಾತೀತ ಕಿರಣ. ಚರ್ಮಕ್ಕೂ ಕಣ್ಣಿಗೂ ಹೆಚ್ಚು ಕೇಡು ಮಾಡುವುದು ಈ ಮೂರನೆಯದು. ಇದರಲ್ಲಿ ಎ, ಬಿ, ಸಿ ಎಂದು ಮೂರು ಬಗೆ. ಸಿ ಕಿರಣವನ್ನು ವಾತಾವರಣ ಪೂರ್ತಿ ತಡೆಯುತ್ತದೆ. ಬಿ ಕಿರಣದ ಹೆಚ್ಚಿನ ಪಾಲನ್ನು ಓಜೋನ್ ಪದರ ಹೀರುತ್ತದೆ; ಉಳಿದ ಸ್ವಲ್ಪವೇ ಚರ್ಮ ಸುಡಲು ಸಾಕು. ಎ ಕಿರಣ ಚರ್ಮದ ಒಳಕ್ಕೆ ಇಳಿದು ಬೇಗ ಸುಕ್ಕು ತರುತ್ತದೆ.

ನಾವು ಮೋಸಹೋಗುವುದು ಇಲ್ಲೇ. ಸೆಕೆ ಇದ್ದರೆ ಮಾತ್ರ ಬಿಸಿಲು ಕೆಟ್ಟದ್ದು ಅಂತ ತಿಳಿಯುತ್ತೇವೆ. ತೆಳು ಮೋಡವಿದ್ದ ದಿನ, ಸಮುದ್ರದ ಗಾಳಿ ಬೀಸುವಾಗ ಮೈಗೆ ಹಿತವೆನಿಸುತ್ತದೆ, ಆದರೆ ಕಿರಣ ಬರುತ್ತಲೇ ಇರುತ್ತದೆ. ಸಮುದ್ರತೀರದ ಒಣ ಮರಳು ಸುಮಾರು ನೂರಕ್ಕೆ 15ರಷ್ಟು ಕಿರಣವನ್ನು ತಿರುಗಿಸಿ ಮುಖಕ್ಕೆ ಹೊಡೆಯುತ್ತದೆ. ಚೌಪಾಟಿಯಲ್ಲಿ ಕೊಡೆಯ ಕೆಳಗೆ ಕೂತರೂ ಪೂರ್ತಿ ಪಾರಾಗುವುದಿಲ್ಲ.

ಹಾಗಾದರೆ ಅಳೆಯುವುದು ಹೇಗೆ? ಸುಲಭ ಉಪಾಯವಿದೆ: ನಿಮ್ಮ ನೆರಳು ನೋಡಿ. ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಕಿರಣ ಜೋರು, ಉದ್ದವಾಗಿದ್ದರೆ ಕಡಿಮೆ. ಮುಂಬಯಿಯಲ್ಲಿ ಮೇ ಮಧ್ಯದಲ್ಲಿ ಸೂರ್ಯ ನೆತ್ತಿಗೇ ಬರುತ್ತಾನೆ. ಅದೂ ಗಡಿಯಾರದ ಹನ್ನೆರಡಕ್ಕಲ್ಲ, ಹನ್ನೆರಡೂವರೆ ದಾಟಿದ ಮೇಲೆ. ರಜೆಯಲ್ಲಿ ನಾವು ಮೈದಾನದಲ್ಲಿ ಕ್ರಿಕೆಟ್ ಆಡುವುದು ಸರಿಯಾಗಿ ಅದೇ ಹೊತ್ತಿಗೆ!

“ನಾವು ಕಪ್ಪಗಿದ್ದೇವೆ, ನಮಗೇನಾಗುತ್ತೆ?” ಅಂತ ಕೆಲವರು ಅನ್ನುತ್ತಾರೆ. ಚರ್ಮದ ಮೆಲನಿನ್ ಒಂದು ಕಾವಲು, ನಿಜ. ಚರ್ಮದ ಕ್ಯಾನ್ಸರು ನಮ್ಮಲ್ಲಿ ಬಿಳಿಯರಿಗಿಂತ ಬಹಳ ಕಡಿಮೆ. ಆದರೆ ಕಣ್ಣಿನೊಳಗಿನ ಮಸೂರಕ್ಕೆ ಆ ಕಾವಲು ಇಲ್ಲ. ಅಲ್ಲಿ ಹಾನಿ ದಿನದಿನವೂ ಸ್ವಲ್ಪ ಸ್ವಲ್ಪ ಜಮಾ ಆಗುತ್ತದೆ. ನಮ್ಮ ಲೆಡ್ಜರಿನ ಭಾಷೆಯಲ್ಲಿ ಹೇಳುವುದಾದರೆ, ಪ್ರತಿವರ್ಷದ ಬಾಕಿ ಮುಂದಿನ ವರ್ಷಕ್ಕೆ ಹೋಗುತ್ತದೆ. ಯಾರೂ ಮನ್ನಾ ಮಾಡುವುದಿಲ್ಲ.

ಇನ್ನು ಕಪ್ಪು ಕನ್ನಡಕದ ವಿಷಯ. ನಾನೂ ಫುಟ್‌ಪಾತಿನಲ್ಲಿ ಚೌಕಾಸಿ ಮಾಡಿ ಒಂದು ಗಾಗಲ್ ಕೊಂಡಿದ್ದೆ. ಕನ್ನಡಕದ ಅಂಗಡಿಯಲ್ಲಿ ಯಂತ್ರಕ್ಕೆ ಹಿಡಿದು ನೋಡಿದಾಗ ಅದು ನೇರಳಾತೀತವನ್ನು ಸರಿಯಾಗಿ ತಡೆಯುತ್ತಿರಲಿಲ್ಲ. ಅಂಥದ್ದು ಬರಿಗಣ್ಣಿಗಿಂತಲೂ ಅಪಾಯವಾಗಬಹುದು. ಕತ್ತಲೆ ಎಂದು ಪಾಪೆ ಅಗಲವಾಗುತ್ತದೆ. ತಡೆಯದ ಕಿರಣ ಆ ಅಗಲ ಬಾಗಿಲಿನಿಂದ ಒಳಗೆ ನುಗ್ಗುತ್ತದೆ. ಬಣ್ಣ ಎಷ್ಟು ಗಾಢ ಎಂಬುದು ಮುಖ್ಯವಲ್ಲ, ‘ಯು.ವಿ. 400’ ಎಂಬ ಗುರುತು ಮುಖ್ಯ. ಆ ಗುರುತೂ ನಿಜವೋ ಸುಳ್ಳೋ ಅಂತ ಅಂಗಡಿಯಲ್ಲಿ ಪರೀಕ್ಷೆ ಮಾಡಿಸಿ. ಇದು ನಿಜವಾದ ಕನ್ನಡಕವೇ ಆದರೂ ಸೂರ್ಯನನ್ನು, ಗ್ರಹಣವನ್ನು ನೇರ ನೋಡಲು ಸಾಲದು. ಅಕ್ಷಿಪಟ ಸುಟ್ಟರೂ ನೋವು ಗೊತ್ತಾಗುವುದಿಲ್ಲ.

ಉಳಿದದ್ದು ಹಳೆಯ ಮನೆಮಾತೇ: ಕೊಡೆ, ಸುತ್ತಲೂ ಅಂಚಿರುವ ಟೋಪಿ, ತುಂಬುತೋಳಿನ ಅಂಗಿ. ಬಟ್ಟೆಯ ನೇಯ್ಗೆ ಒತ್ತಾಗಿರಲಿ. ತೆಳು ಬಿಳಿ ಅಂಗಿ ಬೆವರಿಗೆ ಒದ್ದೆಯಾದರೆ ಇನ್ನೂ ಹೆಚ್ಚು ಕಿರಣ ಒಳಗೆ ಬಿಡುತ್ತದೆ. ಸನ್‌ಸ್ಕ್ರೀನ್ ಹಚ್ಚುವವರು ಎಸ್.ಪಿ.ಎಫ್. 30ಕ್ಕೆ ಕಡಿಮೆಯಿಲ್ಲದ್ದನ್ನು ಧಾರಾಳವಾಗಿ ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಬಿಸಿಲು ಬೇಡವೇ ಬೇಡ ಅಂತಲ್ಲ. ಡಿ ಜೀವಸತ್ವಕ್ಕೆ ಸ್ವಲ್ಪ ಬಿಸಿಲು ಬೇಕೇಬೇಕು. ಲೆಕ್ಕ ಇಟ್ಟು ಖರ್ಚು ಮಾಡೋಣ, ಅಷ್ಟೇ.

ತಂದೆಯವರಿಗೆ ಆಪರೇಷನ್ ಆಯಿತು, ಈಗ ಚೆನ್ನಾಗಿ ಕಾಣುತ್ತದೆ. ಒಳ್ಳೆಯ ಗಾಗಲ್ ತಂದುಕೊಟ್ಟೆ. “ಮೇಸ್ತ್ರಿ ಗಾಗಲ್ ಹಾಕಿದರೆ ಜನ ನಗ್ತಾರೆ ಮಾರಾಯ” ಅಂತ ಜೇಬಿನಲ್ಲೇ ಇಟ್ಟುಕೊಂಡು ಹೋಗುತ್ತಾರೆ. ನಗುವವರಲ್ಲಿ ನಾವಂತೂ ಇರಬಾರದು. ನಿಮ್ಮ ಮನೆಯಲ್ಲೂ ಬಿಸಿಲಲ್ಲಿ ದುಡಿಯುವವರು ಇದ್ದರೆ ಇಂದೇ ಅವರಿಗೆ ಈ ಮಾತು ಹೇಳಿ.