ಕಲ್ಲಿನ ಒಳಗನ್ನು ತೋರುವ ಬೆಳಕು

ಮಧುಗಿರಿಯ ಬೆಟ್ಟವನ್ನು ಕಾಣದ ವಿದ್ಯಾರ್ಥಿಗಳು ನಮ್ಮಲ್ಲಿ ವಿರಳ. ರಾಮನಗರದ ಹಿಂದಿನ ಹೆಸರಾದ ಕ್ಲೋಸ್‌ಪೇಟೆಯಿಂದ ನಾಮಕರಣಗೊಂಡ ಗ್ರಾನೈಟ್ ಪಟ್ಟಿಗೆ ಸೇರಿದ ಆ ಶಿಲೆಯ ವಯಸ್ಸು ಸುಮಾರು 250 ಕೋಟಿ ವರ್ಷ. ಅದರ ಚೂರೊಂದನ್ನು ಗಾಜಿನ ಪಟ್ಟಿಗೆ ಅಂಟಿಸಿ, 0.03 ಮಿಲಿಮೀಟರಿನಷ್ಟು ತೆಳುವಾಗುವವರೆಗೆ ಉಜ್ಜಿದರೆ ಕಲ್ಲೇ ಪಾರದರ್ಶಕವಾಗುತ್ತದೆ. ಆದರೆ ಸಾಧಾರಣ ಸೂಕ್ಷ್ಮದರ್ಶಕದಲ್ಲಿ ಬೆಣಚಾವುದು, ಫೆಲ್ಡ್‌ಸ್ಪಾರಾವುದು ಎಂದು ತಿಳಿಯುವುದು ಕಷ್ಟ. ಎರಡೂ ಬಣ್ಣವಿಲ್ಲದ ಕಣಗಳು. ಅವುಗಳ ಭೇದವನ್ನು ಸ್ಪಷ್ಟಗೊಳಿಸುವುದು ಧ್ರುವೀಕೃತ ಬೆಳಕು.

ಧ್ರುವವೆಂದೊಡನೆ ಧ್ರುವನಕ್ಷತ್ರವನ್ನು ನೆನೆಯಬೇಕಾಗಿಲ್ಲ. ಬೆಳಕಿನ ಕಣಗಳಿಗೆ ಅಯಸ್ಕಾಂತದಂತೆ ಧ್ರುವಗಳಿವೆಯೆಂದು ಬಗೆದ ಫ್ರಾನ್ಸಿನ ಮಾಲ್ಯುಸ್ 19ನೆಯ ಶತಮಾನದ ಆದಿಯಲ್ಲಿ ಇಟ್ಟ ಹೆಸರಿನ ಅನುವಾದವಿದು. ಆ ಊಹೆ ಬಿದ್ದುಹೋಯಿತು, ಹೆಸರು ಮಾತ್ರ ಉಳಿಯಿತು! ನಿಜಾರ್ಥವಿಷ್ಟೇ: ಬೆಳಕಿನ ಅಲೆ ತಾನು ಸಾಗುವ ದಾರಿಗೆ ಅಡ್ಡಲಾಗಿ ಎಲ್ಲ ದಿಕ್ಕುಗಳಲ್ಲಿಯೂ ಕಂಪಿಸುತ್ತದೆ, ಶೋಧಕವೊಂದು ಅದರಲ್ಲಿ ಒಂದೇ ದಿಕ್ಕಿನ ಕಂಪನವನ್ನು ಹಾಯಗೊಡುತ್ತದೆ. ಅದಕ್ಕೆ ಅಡ್ಡವಾಗಿ ತಿರುಗಿಸಿದ ಇನ್ನೊಂದು ಶೋಧಕವನ್ನು ಮೇಲಿರಿಸಿದರೆ ಕತ್ತಲೆಯೇ ಸರಿ.

ಈ ಎರಡರ ನಡುವೆ ಶಿಲಾಫಲಕವನ್ನಿಟ್ಟಾಗ ಕತ್ತಲೆಯಲ್ಲಿ ಕಣಗಳು ಬೆಳಗುತ್ತವೆ. ಹರಳು ತನ್ನನ್ನು ಹೊಕ್ಕ ಬೆಳಕನ್ನು ಬೇರೆಬೇರೆ ವೇಗದ ಎರಡು ಅಲೆಗಳಾಗಿ ಸೀಳುತ್ತದೆ. ಅವು ಮೇಲಿನ ಶೋಧಕದಲ್ಲಿ ಮರಳಿ ಕೂಡಿದಾಗ ಬಣ್ಣ ಹುಟ್ಟುತ್ತದೆ. ಬೆಣಚು ಬೂದುಬಿಳುಪು. ಒಂದು ಬಗೆಯ ಫೆಲ್ಡ್‌ಸ್ಪಾರಿನಲ್ಲಿ ಕಪ್ಪುಬಿಳಿ ಪಟ್ಟೆಗಳು, ಮೈಕ್ರೋಕ್ಲೀನ್ ಎಂಬ ಇನ್ನೊಂದರಲ್ಲಿ ಚೌಕುಳಿ ಸೀರೆಯಂಥ ಹೆಣಿಗೆ. ಕಾಗೆಬಂಗಾರವೆಂದು ನಾವು ಕರೆಯುವ ಅಭ್ರಕದ ವರ್ಣವೈಭವವನ್ನಂತೂ ಕಂಡೇ ತಣಿಯಬೇಕು.

ಇದು ಕಣ್ಣಿಗೆ ಹಬ್ಬ ಮಾತ್ರವಲ್ಲ. ಫಲಕವನ್ನು ಮೆಲ್ಲಗೆ ತಿರುಗಿಸಿದರೆ ಶುದ್ಧ ಬೆಣಚಿನ ಕಣ ಒಮ್ಮೆಲೇ ಕಪ್ಪಾಗುತ್ತದೆ. ಭೂಗರ್ಭದ ಒತ್ತಡಕ್ಕೆ ಸಿಕ್ಕಿ ನಲುಗಿದ ಕಣ ಹಾಗಲ್ಲ. ಅದರ ಮೇಲೆ ನೆರಳು ಅಲೆಯಂತೆ ಸರಿಯುತ್ತದೆ. ನಲುಗಿದ ಬೆಣಚು ಹೆಚ್ಚಾಗಿರುವ ಜಲ್ಲಿಯನ್ನು ಕಾಂಕ್ರೀಟಿಗೆ ಬಳಸಿದರೆ, ಸಿಮೆಂಟಿನ ಕ್ಷಾರದೊಡನೆ ಅದು ನಿಧಾನವಾಗಿ ವರ್ತಿಸಿ ಅಂಟಿನಂಥ ವಸ್ತು ಉಂಟಾಗಬಹುದು. ಆ ಅಂಟು ನೀರುಂಡು ಉಬ್ಬುತ್ತದೆ, ಕಟ್ಟಡ ಬಿರುಕು ಬಿಡುತ್ತದೆ. ಒಡಿಶಾದ ಹಿರಾಕುಡ್ ಅಣೆಕಟ್ಟಿನ ಬಿರುಕುಗಳಿಗೆ ಕ್ಷಾರ ಮತ್ತು ಜಲ್ಲಿಯ ನಡುವಿನ ಇಂತಹ ಕ್ರಿಯೆಯನ್ನೇ ತಜ್ಞರು ಕಾರಣವಾಗಿ ಹೇಳಿದ್ದಾರೆ. ಕೈಯಲ್ಲಿ ಹಿಡಿದರೆ ಒಳ್ಳೆಯ ಜಲ್ಲಿಗೂ ಕೆಟ್ಟ ಜಲ್ಲಿಗೂ ಭೇದ ಕಾಣದು. ಆದ್ದರಿಂದಲೇ ಅಣೆಕಟ್ಟು, ಸೇತುವೆಗಳಿಗೆ ಕ್ವಾರಿಯನ್ನು ಗೊತ್ತುಮಾಡುವ ಮುನ್ನ ಅಲ್ಲಿನ ಕಲ್ಲನ್ನು ಕಾಗದದಷ್ಟು ತೆಳುವಾಗಿ ತೇದು, ಈ ಬೆಳಕಿನಲ್ಲಿಟ್ಟು ಪರೀಕ್ಷಿಸುತ್ತಾರೆ.